ಮಗುವಿನ ಮಂಡೆ ಬೆಳೆಯುವುದು ಹೇಗೆ?



ಪುತ್ತೂರು, ಸುಳ್ಯ, ಕಡಬದ ಊರುಗಳಲ್ಲಿ ನಾವು ಒಂದು ಮಾತು ಕೇಳುತ್ತೇವೆ. “ನನ್ನ ಮಗನಿಗೆ ಮಂಡೆ ಇಲ್ಲ ಟೀಚರೇ. ಎರಡು ಪೆಟ್ಟು ಕೊಡಿ, ಸರಿ ಆಗ್ತಾನೆ.” ಇನ್ನೊಂದು ಮಾತೂ ಉಂಟು. “ನಮಗೇ ಓದು ಬರುವುದಿಲ್ಲ. ಮಕ್ಕಳಿಗೆ ನಾವೇನು ಕಲಿಸುವುದು?” ಈ ಎರಡು ಮಾತೂ ಸರಿಯಲ್ಲ. ಏಕೆ? ನೋಡೋಣ.

ಮಂಡೆಯ ಒಳಗೆ ಮೆದುಳು ಇದೆ. ಅದರಲ್ಲಿ ಕೋಟಿ ಕೋಟಿ ನರಕೋಶಗಳಿವೆ. ಮಗು ನೋಡುವಾಗ, ಕೇಳುವಾಗ, ಮುಟ್ಟುವಾಗ ಕೋಶದಿಂದ ಕೋಶಕ್ಕೆ ದಾರಿ ಆಗುತ್ತದೆ. ಗುಡ್ಡದ ಕಾಲುದಾರಿ ನೋಡಿದ್ದೀರಲ್ಲ? ದಿನಾ ನಡೆದರೆ ದಾರಿ ಗಟ್ಟಿ. ನಡೆಯದಿದ್ದರೆ ಒಂದೇ ಮಳೆಗಾಲಕ್ಕೆ ಹುಲ್ಲು ಮುಚ್ಚುತ್ತದೆ. ಮೆದುಳಿನ ದಾರಿಯೂ ಹಾಗೆಯೇ.

6 ವರ್ಷ ಆಗುವಾಗ ಮಗುವಿನ ಮೆದುಳು ಗಾತ್ರದಲ್ಲಿ ದೊಡ್ಡವರ ಮೆದುಳಿನ 100ರಲ್ಲಿ ಸುಮಾರು 90 ಪಾಲು ಆಗಿರುತ್ತದೆ. ಅಂದರೆ, ಒಂದನೇ ತರಗತಿಗೆ ಸೇರುವ ಮೊದಲೇ ಮನೆಯಲ್ಲಿ, ಅಂಗಳದಲ್ಲಿ, ಅಂಗನವಾಡಿಯಲ್ಲಿ ದೊಡ್ಡ ಕೆಲಸ ನಡೆದಿರುತ್ತದೆ. ಆ ಕೆಲಸ ಮಾಡುವವರು ನೀವು.

ಮೊದಲನೆಯದು ಮಾತು. ಮಗುವಿನ ಹತ್ತಿರ ಮಾತಾಡಿ. ಅದು ಹೇಳುವುದನ್ನು ಕೇಳಿ. ಯಾವ ಭಾಷೆಯಲ್ಲಿ? ನಿಮ್ಮ ಮನೆಯ ಭಾಷೆಯಲ್ಲಿ. ಹಾಲಿಗೆ ತುಳುವಿನಲ್ಲಿ ‘ಪೇರ್’ ಎನ್ನುತ್ತಾರೆ. ಮಲಯಾಳದಲ್ಲಿ ‘ಪಾಲ್’ ಎನ್ನುತ್ತಾರೆ. ಸುಳ್ಯದ ಕಡೆ ಅರೆಭಾಷೆಯ ಮನೆಗಳಿವೆ. ಈ ಮಕ್ಕಳು ಶಾಲೆಗೆ ಬಂದಾಗ ಅಲ್ಲಿ ಕನ್ನಡ. ಕೆಲವು ದಿನ ಸುಮ್ಮನೆ ಕೂರುತ್ತಾರೆ. ಅದು ದಡ್ಡತನ ಅಲ್ಲ. ಹೊಸ ದಾರಿ ಆಗುತ್ತಾ ಇದೆ ಎಂದು ತಿಳಿಯಬೇಕು. ಟೀಚರು ಮಗುವಿನ ಮಾತಿನಿಂದಲೇ ಶುರು ಮಾಡಿದರೆ ಕನ್ನಡವೂ ಬೇಗ ಬರುತ್ತದೆ.

ಎರಡನೆಯದು ಹೆದರಿಕೆ. ನಾಗರಹಾವು ಕಂಡಾಗ ನಿಮಗೆ ಲೆಕ್ಕ ಮಾಡ್ಲಿಕ್ಕೆ ಆಗ್ತದಾ? ಓಡುವುದೊಂದೇ ನೆನಪಾಗುತ್ತದೆ. ಬೆತ್ತ ಕಂಡ ಮಗುವಿಗೂ ಹಾಗೆಯೇ. ಹೆದರಿದ ಮೆದುಳಿಗೆ ಪಾಠ ಹಿಡಿಯುವುದಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಹೊಡೆಯಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಆದ್ದರಿಂದ “ಪೆಟ್ಟು ಕೊಡಿ” ಎನ್ನಬೇಡಿ. “ಅವನಿಗೆ ಎಲ್ಲಿ ಕಷ್ಟ ಆಗ್ತದೆ?” ಎಂದು ಕೇಳಿ. ಬೋರ್ಡು ಕಾಣುವುದಿಲ್ಲವೋ, ಕಿವಿ ಸರಿ ಕೇಳುವುದಿಲ್ಲವೋ ಎಂದೂ ನೋಡಿ. ಸಂಶಯ ಇದ್ದರೆ ಆಸ್ಪತ್ರೆಯಲ್ಲಿ ತೋರಿಸಿ.

ಮೂರನೆಯದು ಆಟ. ಚೆನ್ನೆಮಣೆಯಲ್ಲಿ 14 ಗುಳಿ. ಒಂದೊಂದರಲ್ಲಿ 4 ಕಾಳು. ಒಟ್ಟು ಎಷ್ಟು? 56. ಕೈಯಿಂದ ಹಾಕಿ ಎಣಿಸಿದ ಮಗು ಮಗ್ಗಿಯನ್ನು ಮರೆಯುವುದಿಲ್ಲ. ಬೀಡಿ ಕಟ್ಟುವ ಅಕ್ಕಂದಿರೇ, 25 ಬೀಡಿಗೆ ಒಂದು ಕಟ್ಟು. 4 ಕಟ್ಟಿಗೆ ಎಷ್ಟು? ಮಗುವನ್ನು ಕೇಳಿ. ಇದೂ ಪಾಠವೇ. ಆದರೆ ಬೀಡಿಯ ಎಲೆ, ಹೊಗೆಸೊಪ್ಪು ಮಗುವಿನ ಕೈಗೆ ಬೇಡ. ಹುಣಸೆ ಬೀಜ ಸಾಕು.

ಆಟದಿಂದ ಕಲಿಯುವುದು ನಮ್ಮ ಊರಿಗೆ ಹೊಸತಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ಮಾಡಿದರು. ಮಕ್ಕಳಿಗಾಗಿಯೇ ‘ಬಾಲ ಪ್ರಪಂಚ’ ಎಂಬ ದೊಡ್ಡ ಪುಸ್ತಕ ಬರೆದರು. ಅದು 1936ರಲ್ಲಿ ಬಂತು.

ನಾಲ್ಕನೆಯದು ಊಟ ಮತ್ತು ನಿದ್ದೆ. ಹಸಿದ ಮಗುವಿಗೆ ಅಕ್ಷರ ಹತ್ತುವುದಿಲ್ಲ. ಹೆಸರುಕಾಳು, ಹರಿವೆ, ನುಗ್ಗೆಸೊಪ್ಪು, ಮೊಟ್ಟೆ, ಮೀನು, ಮನೆಗೆ ಆದದ್ದನ್ನು ಕೊಡಿ. ಅಯೋಡಿನ್ ಇರುವ ಉಪ್ಪು ಬಳಸಿ. ಹಗಲು ಕಲಿತದ್ದನ್ನು ಮೆದುಳು ನಿದ್ದೆಯಲ್ಲಿ ಗಟ್ಟಿ ಮಾಡಿಕೊಳ್ಳುತ್ತದೆ. ರಾತ್ರಿ ಮಗುವಿನ ಕೈಗೆ ಮೊಬೈಲು ಕೊಡಬೇಡಿ. ಒಂದು ಕತೆ ಹೇಳಿ, ಮಲಗಿಸಿ.

ಕೊನೆಗೆ ಒಂದು ಮಾತು. 6 ವರ್ಷ ಕಳೆದರೆ ಎಲ್ಲ ಮುಗಿಯಿತು ಎಂದಲ್ಲ. ದೊಡ್ಡವರ ಮೆದುಳಿನಲ್ಲೂ ಹೊಸ ದಾರಿ ಆಗುತ್ತದೆ, ಸ್ವಲ್ಪ ನಿಧಾನ ಅಷ್ಟೆ. ಈ ಪುಸ್ತಕ ನೀವೇ ಓದುತ್ತಾ ಇದ್ದೀರಲ್ಲ, ಅದೇ ಸಾಕ್ಷಿ. ಇಂದು ರಾತ್ರಿ ಇದರ ಒಂದು ಪುಟವನ್ನು ಮಗುವನ್ನು ಹತ್ತಿರ ಕೂರಿಸಿ ಗಟ್ಟಿಯಾಗಿ ಓದಿ. ತಡವರಿಸಿದರೂ ಅಡ್ಡಿಯಿಲ್ಲ. ಅಮ್ಮ ಓದುವುದನ್ನು, ಅಪ್ಪ ಓದುವುದನ್ನು ಮಗು ನೋಡಲಿ.