ಅಂಚಿನಲ್ಲಿ ನೆಯ್ದ ಹೆಸರು



ವಸ್ತ್ರದ ಯೋಗ್ಯತೆಯನ್ನು ಅಂಚು, ಸೆರಗುಗಳಿಂದ ಅಳೆಯುವ ರೂಢಿ ಕನ್ನಡ ನಾಡಿಗೆ ಮಾತ್ರ ಸೇರಿದ್ದಲ್ಲ. ಮಧ್ಯಯುಗದಲ್ಲಿ ಬಾಗ್ದಾದಿನ ಅಬ್ಬಾಸಿ ಖಲೀಫರೂ ಈಜಿಪ್ಟಿನ ಫಾತಿಮಿ ಖಲೀಫರೂ ಆಪ್ತರಿಗೆ, ಅಧಿಕಾರಿಗಳಿಗೆ ಕೊಡುತ್ತಿದ್ದ ಉಡುಪುಗಳ ಮೇಲೆ ಅಕ್ಷರಗಳ ಪಟ್ಟಿಯೊಂದು ಶೋಭಿಸುತ್ತಿತ್ತು. ಅದಕ್ಕೆ 'ತಿರಾಜ್' ಎಂದು ಹೆಸರು. ಕನ್ನಡಕ್ಕೆ ಬಂದಿರುವ 'ಖಿಲ್ಲತ್ತು' ಎಂಬ ಶಬ್ದವು ಇಂತಹ ಗೌರವದ ಉಡುಪಿನ ಅರಬ್ಬಿ ಹೆಸರಿನಿಂದಲೇ ಹುಟ್ಟಿದುದು.

ನೈಲ್ ನದೀಮುಖದ ತಿನ್ನಿಸ್, ದಮಿಯೆತ್ತಾ ಪಟ್ಟಣಗಳು ಈ ನೇಯ್ಗೆಗೆ ಪ್ರಸಿದ್ಧವಾಗಿದ್ದವು. ಅಗಸೆ ನಾರಿನ ತೆಳುವಾದ ಹಾಸಿನಲ್ಲಿ ಬಣ್ಣದ ರೇಷ್ಮೆಯ ಹೊಕ್ಕನ್ನು ಸೇರಿಸುತ್ತಿದ್ದರು. ಆ ಹೊಕ್ಕು ಬಟ್ಟೆಯ ಪೂರ್ಣ ಅಗಲಕ್ಕೆ ಹಾಯದೆ, ತನ್ನ ಅಕ್ಷರದ ಅಥವಾ ಚಿತ್ರದ ಎಲ್ಲೆಯನ್ನು ಮುಟ್ಟಿ ಹಿಂದಿರುಗುವುದು. ಪೈಠಣಿಯ ಸೆರಗಿನಲ್ಲಿಯೂ ಇದೇ ಕ್ರಮವುಂಟು. ಬಹಳ ತಾಳ್ಮೆಯನ್ನು ಬೇಡುವ ಕೆಲಸವಿದು.

ಪಟ್ಟಿಯಲ್ಲಿ ದೇವರ ನಾಮ, ಖಲೀಫನ ಹೆಸರು, ಅವನಿಗೆ ಶುಭ ಹಾರೈಕೆ ಇರುತ್ತಿದ್ದವು. ಹಲವು ವೇಳೆ ಮಂತ್ರಿಯ ಹೆಸರು, ನೆಯ್ದ ಊರು, ವರ್ಷಗಳೂ ಇರುತ್ತಿದ್ದವು. ನಾಣ್ಯದಲ್ಲಿ, ಶುಕ್ರವಾರದ ಪ್ರವಚನದಲ್ಲಿ, ತಿರಾಜಿನಲ್ಲಿ ಹೆಸರು ಬರುವುದೇ ರಾಜಾಧಿಕಾರದ ಚಿಹ್ನೆ. ಹೆಸರನ್ನು ಕೈಬಿಟ್ಟರೆ ಆ ಅಧಿಕಾರವನ್ನೇ ನಿರಾಕರಿಸಿದಂತೆ. ಆದರೆ ಎಳೆ ಎಳೆಯಾಗಿ ನೆಯ್ದವನ ಹೆಸರು ಸಾಮಾನ್ಯವಾಗಿ ಅಲ್ಲಿ ಕಾಣಸಿಗದು.

ಇಷ್ಟು ಮುತುವರ್ಜಿಯಿಂದ ನೆಯಿಸಿದ ಹೆಸರುಗಳ ಗತಿಯೇನಾಯಿತು? ಫ್ರಾನ್ಸ್ ದೇಶದ ಆಪ್ಟ್ ಎಂಬ ಊರಿನ ಇಗರ್ಜಿಯಲ್ಲಿರುವ ಒಂದು ವಸ್ತ್ರ ಇದಕ್ಕೆ ಉತ್ತರ ಹೇಳುತ್ತದೆ. ಸುಮಾರು 1096-97ರಲ್ಲಿ ದಮಿಯೆತ್ತಾದಲ್ಲಿ ನೆಯ್ದ ಅದರ ಪಟ್ಟಿಗಳಲ್ಲಿ ಖಲೀಫ ಅಲ್-ಮುಸ್ತಅಲಿಯ ಹಾಗೂ ಮಂತ್ರಿ ಅಲ್-ಅಫ್ದಲನ ಹೆಸರುಗಳಿವೆ. ಆದರೆ ಅಲ್ಲಿಯ ಭಕ್ತರು ಶತಮಾನಗಳ ಕಾಲ ಅದನ್ನು ಮೇರಿಯ ತಾಯಿಯಾದ ಸಂತ ಆನ್ನಳ ವಸ್ತ್ರವೆಂದು ನಂಬಿ ಪೂಜ್ಯಭಾವದಿಂದ ಕಾಪಾಡಿದರು. ಖಲೀಫನ ಬಿರುದು ಅವರ ಕಣ್ಣಿಗೆ ಅಂದವಾದ ಅಲಂಕಾರ ಮಾತ್ರವಾಗಿತ್ತು. ವಸ್ತ್ರವನ್ನು ಉಳಿಸಿದ್ದು ಭಕ್ತಿಯೇ ಹೊರತು ಖಲೀಫನ ಹೆಸರಲ್ಲ.

ಈಜಿಪ್ಟಿನಲ್ಲಿಯೂ ಅನೇಕ ತಿರಾಜುಗಳು ಶವವಸ್ತ್ರಗಳಾಗಿ ಒಣಮಣ್ಣಿನಲ್ಲಿ ಉಳಿದವು. ಮುಂದೆ ಅವು ದೊರೆತಾಗ ಮಾರಾಟಗಾರರು ಚಿತ್ರಪಟ್ಟಿಗಳನ್ನು ಮಾತ್ರ ಕತ್ತರಿಸಿಕೊಂಡರು. ಬಿಳಿಯ ಬಟ್ಟೆ ಕಸವಾಯಿತು. ಹೀಗೆ ಎಷ್ಟೋ ಉಡುಪುಗಳ ಆಕಾರವೇ ಇಂದು ತಿಳಿಯದಂತಾಗಿದೆ.

ದಾನಿಗಳ ನಾಮಫಲಕವನ್ನು ನಿಲ್ಲಿಸುವ ಇಂತಹ ಶುಭ ಸಂದರ್ಭದಲ್ಲಿ ಈ ವೃತ್ತಾಂತವು ಚಿಂತನೀಯವಾದುದು. ಹೆಸರನ್ನು ಬರೆಯಿಸುವುದು ದೋಷವಲ್ಲ. ಆದರೆ ಅಂಚನ್ನು ಹೊತ್ತು ನಿಲ್ಲುವುದು ಒಡಲಿನ ಬಟ್ಟೆ. ಅದು ಗಟ್ಟಿಯಾಗಿದ್ದರೆ ಹೆಸರನ್ನು ಓದಬಲ್ಲವರು ಇಲ್ಲದ ಕಾಲದಲ್ಲಿಯೂ ಕೈಮುಗಿಯುವವರು ಇದ್ದೇ ಇರುತ್ತಾರೆ.