ಗಾಯ ಮಾಗಿದರೆ ಸಾಲದು, ಕೈ ಪೆನ್ನು ಹಿಡಿಯಬೇಕು

(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಕರಾವಳಿಯಲ್ಲಿ ತೆಂಗಿನಮರವಿಲ್ಲದ ಹಿತ್ತಿಲು ಅಪರೂಪ. ಎಷ್ಟೋ ಕಡೆ ಮರದ ಪಕ್ಕದಲ್ಲೇ ವಿದ್ಯುತ್ ತಂತಿಯೂ ಹಾದುಹೋಗಿರುತ್ತದೆ. ರಜೆಯ ದಿನ ಹುಡುಗನೊಬ್ಬ ಅಲ್ಯೂಮಿನಿಯಂ ದೋಟಿ ಹಿಡಿದು ಕಾಯಿ ಕೀಳಲು ಹೋದ, ದೋಟಿ ತಂತಿಗೆ ತಗಲಿತು ಎಂದುಕೊಳ್ಳಿ. ಜೀವ ಉಳಿಯಿತು, ಬಲಗೈಯ ಮಣಿಕಟ್ಟು ಸುಟ್ಟುಹೋಯಿತು. "ಜೀವ ಉಳಿಯಿತಲ್ಲ, ಅಷ್ಟೇ ಸಾಕು" ಎಂದು ನಾವೆಲ್ಲ ಸಮಾಧಾನ ಹೇಳುತ್ತೇವೆ. ಆದರೆ ಆ ಕೈ ನಾಳೆ ಪೆನ್ನು ಹಿಡಿಯುವುದೇ? ಅವನು ಮತ್ತೆ ಶಾಲೆಗೆ ಹೋಗುವನೇ? ಇಂದು ನಾನು ಮಾತನಾಡಲು ಬಯಸುವುದು ಇದರ ಬಗ್ಗೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಭಾರತದಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಜನ ಮಧ್ಯಮ ಅಥವಾ ತೀವ್ರ ಸುಟ್ಟಗಾಯಕ್ಕೆ ತುತ್ತಾಗುತ್ತಾರೆ. ಆಳವಾದ ಗಾಯಗಳಲ್ಲಿ ಹೆಚ್ಚಿನವಕ್ಕೆ ತೊಡೆಯಿಂದ ತೆಗೆದ ತೆಳು ಚರ್ಮವನ್ನು ಕಸಿ ಮಾಡಿದರೆ ಸಾಕಾಗುತ್ತದೆ. ಆ ಚರ್ಮಕ್ಕೆ ಸ್ವಂತ ರಕ್ತಪೂರೈಕೆ ಇರುವುದಿಲ್ಲ. ಗಾಯದ ತಳದಿಂದ ರಕ್ತ ಪಡೆದು ಅದು ಬದುಕುತ್ತದೆ. ನೇಜಿ ಅಂಟಿಕೊಳ್ಳಲು ಹಸಿ ಮಣ್ಣು ಬೇಕಲ್ಲವೇ, ಹಾಗೆ. ಮೂಳೆಯೋ ಸ್ನಾಯುರಜ್ಜುವೋ ಬರಿದಾಗಿ ತೆರೆದುಕೊಂಡಿದ್ದರೆ ಅದು ಬರೀ ಕಲ್ಲುಬಂಡೆ. ಅಲ್ಲಿ ಕಸಿ ಹಿಡಿಯದು. ವಿದ್ಯುತ್ ಸುಟ್ಟಗಾಯದಲ್ಲಿ ಅನೇಕ ಸಲ ಆಗುವುದು ಇದೇ.

ಇಂಥಲ್ಲಿ ಬೇಕಾಗುವುದು 'ಫ್ಲ್ಯಾಪ್'. ಅಂದರೆ ತನ್ನದೇ ರಕ್ತನಾಳದ ಸಮೇತ ತಂದು ಕೂರಿಸುವ ಜೀವಂತ ಚರ್ಮ ಮತ್ತು ಮಾಂಸ. ಇದರ ಮೂಲ ನಮ್ಮ ದೇಶದಲ್ಲೇ ಇದೆ. ಮೈಸೂರು ಯುದ್ಧದಲ್ಲಿ ಸೆರೆಸಿಕ್ಕಿ ಮೂಗು ಕಳೆದುಕೊಂಡ ಕಾವಸ್‌ಜಿ ಎಂಬ ಬಂಡಿ ಹೊಡೆಯುವವನಿಗೆ ಪುಣೆಯ ಕಡೆಯ ದೇಶೀ ವೈದ್ಯರೊಬ್ಬರು ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಿದರು. ಹುಬ್ಬುಗಳ ನಡುವೆ ಒಂದು ಪಟ್ಟಿಯಷ್ಟು ಚರ್ಮವನ್ನು ಕತ್ತರಿಸದೆ ಉಳಿಸಿದ್ದರು. ರಕ್ತ ಹರಿದದ್ದು ಅದರ ಮೂಲಕ. 1794ರಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜೀನ್' ಇದನ್ನು ಪ್ರಕಟಿಸಿದಾಗ ಯುರೋಪಿನ ವೈದ್ಯರು ಬೆರಗಾದರು.

ಹಣೆಯಿಂದ ಮೂಗಿಗೆ ಚರ್ಮ ತಿರುಗಿಸಬಹುದು. ತೊಡೆಯಿಂದ ಮಣಿಕಟ್ಟಿಗೆ ತರುವುದು ಹೇಗೆ? ಅದಕ್ಕೆ ಸೂಕ್ಷ್ಮದರ್ಶಕ ಬೇಕಾಯಿತು. 1960ರಲ್ಲಿ ಅಮೆರಿಕದ ಜೂಲಿಯಸ್ ಜೇಕಬ್‌ಸನ್ ಸೂಕ್ಷ್ಮದರ್ಶಕದಡಿ ಪುಟ್ಟ ರಕ್ತನಾಳಗಳನ್ನು ಜೋಡಿಸಿ ತೋರಿಸಿದರು. 1973ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಡೇನಿಯಲ್ ಮತ್ತು ಟೇಲರ್ ತೊಡೆಸಂದಿಯ ಚರ್ಮವನ್ನು ಪೂರ್ತಿ ಬಿಡಿಸಿ ಕಾಲಿನ ಗಾಯಕ್ಕೆ ಕೂರಿಸಿದ್ದನ್ನು ವರದಿ ಮಾಡಿದರು. ಎರಡು ಮೂರು ಮಿಲಿಮೀಟರಿನ ನಾಳಗಳನ್ನು ತಲೆಕೂದಲಿಗಿಂತ ತೆಳುವಾದ ದಾರದಿಂದ ಹೊಲಿಯಬೇಕು. ಹಲವು ಗಂಟೆಗಳ ಕೆಲಸ. ಹೊಲಿಗೆ ಮುಗಿದರೂ ಗಂಡಾಂತರ ಮುಗಿಯುವುದಿಲ್ಲ. ಮೊದಲ ದಿನಗಳಲ್ಲಿ ದಾದಿಯರು ಗಂಟೆಗಂಟೆಗೂ ಫ್ಲ್ಯಾಪಿನ ಬಣ್ಣ, ಬಿಸಿ ನೋಡುತ್ತಾರೆ. ನೀಲಿಗಟ್ಟಿದರೆ ತಡಮಾಡದೆ ಮತ್ತೆ ಶಸ್ತ್ರಕ್ರಿಯಾ ಕೊಠಡಿಗೆ ಒಯ್ಯಬೇಕು. ಹೆಚ್ಚಿನವು ಉಳಿಯುತ್ತವೆ, ಎಲ್ಲವೂ ಅಲ್ಲ. ಬೀಡಿ ಸಿಗರೇಟು ನಾಳಗಳನ್ನು ಕುಗ್ಗಿಸುವುದರಿಂದ ರೋಗಿ ಅದನ್ನು ಬಿಡಲೇಬೇಕು.

ಹೆತ್ತವರಲ್ಲಿ ಒಂದು ಮಾತು. ಗಾಯ ಒಣಗಿತೆಂದು ಚಿಕಿತ್ಸೆ ನಿಲ್ಲಿಸಬೇಡಿ. ಸುಟ್ಟ ಚರ್ಮ ತಿಂಗಳುಗಟ್ಟಲೆ ಬಿಗಿಯುತ್ತಾ ಹೋಗುತ್ತದೆ. ಬೆರಳು ಮಡಚಿಕೊಳ್ಳುತ್ತವೆ, ಗದ್ದ ಎದೆಗೆ ಎಳೆದುಕೊಳ್ಳುತ್ತದೆ. ಮಗು ಬೆಳೆದರೂ ಕಲೆ ಅದರೊಟ್ಟಿಗೆ ಬೆಳೆಯದು. ವ್ಯಾಯಾಮ, ಪಟ್ಟಿ, ಒತ್ತುಬಟ್ಟೆ ಎಲ್ಲವೂ ಚಿಕಿತ್ಸೆಯೇ. ವರ್ಷಗಳು ಕಳೆದಿದ್ದರೂ ಬಿಗಿದ ಚರ್ಮವನ್ನು ಬಿಡಿಸಿ ಫ್ಲ್ಯಾಪ್ ಕೂರಿಸುವ ದಾರಿ ಉಂಟು. ಮುಖ ಸುಟ್ಟಿದೆಯೆಂದು ಹೆಣ್ಣುಮಗಳನ್ನು ಶಾಲೆ ಬಿಡಿಸಿ ಒಳಗೆ ಕೂರಿಸುವುದು ಬೆಂಕಿ ಮಾಡಿದ ಅನ್ಯಾಯದ ಮೇಲೆ ನಾವು ಮಾಡುವ ಅನ್ಯಾಯ.

ಇದಕ್ಕಾಗಿ ದೂರ ಅಲೆಯಬೇಕಿಲ್ಲ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗವಿದೆ. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಉಂಟು. ಯಾವ ಚಿಕಿತ್ಸೆ, ಯಾವ ಆಸ್ಪತ್ರೆ ಎಂಬುದನ್ನು ಆರೋಗ್ಯಮಿತ್ರರಲ್ಲಿ ಕೇಳಿ. ಅರ್ಜಿ ತುಂಬಲು ತಿಳಿಯದವರ ಜೊತೆಗೆ ಸಂಘದ ಒಬ್ಬರು ಹೋದರೆ ಅದೇ ದೊಡ್ಡ ಸೇವೆ.

ವಿದ್ಯಾರ್ಥಿಗಳೇ, ಇಷ್ಟು ನೆನಪಿಡಿ. ಬೆಂಕಿ ಅಥವಾ ಬಿಸಿನೀರು ತಗಲಿದರೆ 20 ನಿಮಿಷ ಹರಿಯುವ ತಣ್ಣೀರು. ಟೂತ್‌ಪೇಸ್ಟ್, ಶಾಯಿ, ಅರಿಶಿನ, ಮಂಜುಗಡ್ಡೆ ಬೇಡ. ಕರೆಂಟು ಹೊಡೆದವರನ್ನು ಮುಟ್ಟುವ ಮೊದಲು ಮೈನ್ ಆಫ್ ಮಾಡಿ. ಬೀದಿಯ ತಂತಿಯಾದರೆ ದೂರ ನಿಂತು ಮೆಸ್ಕಾಂಗೆ ತಿಳಿಸಿ, 108ಕ್ಕೆ ಕರೆ ಮಾಡಿ. ಹೊರಗೆ ಚುಕ್ಕೆಯಷ್ಟೇ ಕಂಡರೂ ಒಳಗೆ ಬೆಂದಿರಬಹುದು, ಆಸ್ಪತ್ರೆಗೆ ಹೋಗಲೇಬೇಕು.

ನಿಮ್ಮಲ್ಲಿ ಕೆಲವರಾದರೂ ವೈದ್ಯರಾಗಿ, ದಾದಿಯರಾಗಿ, ಫಿಸಿಯೋಥೆರಪಿಸ್ಟ್‌ಗಳಾಗಿ ಈ ಕೆಲಸಕ್ಕೆ ಬನ್ನಿ. ಉಳಿದವರು ಕೈ ಸುಟ್ಟ ಗೆಳೆಯ ತರಗತಿಗೆ ಮರಳಿದ ದಿನ ಅವನ ಪಕ್ಕದಲ್ಲಿ ಕುಳಿತುಕೊಳ್ಳಿ. ಅದಕ್ಕೆ ಯಾವ ಡಿಗ್ರಿಯೂ ಬೇಡ.