ಸ್ಪ್ರಿಂಗಿನ ಋಣ

(ಆಕಾಶವಾಣಿ ಭಾಷಣ)

ಉತ್ತರ ಪಿನಾಕಿನಿಯ ದಡದ ನಾಗಲಮಡಿಕೆ ಎಂದೊಡನೆ ಕೇಳುಗರಲ್ಲಿ ಅನೇಕರಿಗೆ ನೆನಪಾಗುವುದು ಅಲ್ಲಿಯ ಸುಬ್ರಹ್ಮಣ್ಯಸ್ವಾಮಿ. ಕುಕ್ಕೆ ಆದಿ, ಘಾಟಿ ಮಧ್ಯ, ನಾಗಲಮಡಿಕೆ ಅಂತ್ಯ ಎಂದು ಭಕ್ತರು ಎಣಿಸುವ ವಾಡಿಕೆಯುಂಟು. ನನಗೆ ಮಾತ್ರ ಊರಿನ ನೆನಪಿನೊಡನೆಯೇ ಕಣ್ಣಮುಂದೆ ಬಂದು ನಿಲ್ಲುವುದು ನಮ್ಮ ಹಿತ್ತಲಿನ ಹುಣಿಸೆಮರದ ಕೆಳಗಿದ್ದ ಹಳೆಯ ಅಂಬಾಸಿಡರ್ ಕಾರು. ಅದರ ಚಾವಣಿಯನ್ನೂ ಬಾಗಿಲಿನ ಸ್ಪ್ರಿಂಗನ್ನೂ ದುರಸ್ತಿ ಮಾಡಹೊರಟು ನಾನು ಕಲಿತ ಪಾಠವನ್ನೇ ಈ ಹೊತ್ತು ನಿಮ್ಮ ಮುಂದೆ ಇಡುತ್ತೇನೆ.

ಕಡಲೆಕಾಯಿ ವ್ಯಾಪಾರದಲ್ಲಿದ್ದ ನಮ್ಮ ತಂದೆಯವರು 1972ರಲ್ಲಿ ಕೊಂಡ ಕಾರು ಅದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ, ಬಂಗಾಳದ ಉತ್ತರಪಾರಾದ ಹಿಂದೂಸ್ತಾನ್ ಮೋಟಾರ್ಸ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಈ ಗಾಡಿ 2014ರವರೆಗೂ ಹೊರಬರುತ್ತಲೇ ಇತ್ತು. ನಡುರಾತ್ರಿಯಲ್ಲಿ ಬಾಣಂತಿತನದ ನೋವು ಕಾಣಿಸಿಕೊಂಡವರನ್ನು ಪಾವಗಡದ ಆಸ್ಪತ್ರೆಗೆ ಮುಟ್ಟಿಸುತ್ತಿದ್ದುದು ನಮ್ಮ ಕಾರೇ. ದಾರಿಯಲ್ಲಿಯೇ, ಅದರ ಹಿಂದಿನ ಸೀಟಿನಲ್ಲಿ ಹುಟ್ಟಿದವರೊಬ್ಬರು ಈಗಲೂ ಊರಿನಲ್ಲಿದ್ದಾರೆ.

ತಂದೆಯವರು ತೀರಿಕೊಂಡ ಮೇಲೆ ಕಾರು ಹತ್ತು ವರ್ಷ ನಿಂತಲ್ಲೇ ನಿಂತಿತು. ನಮ್ಮ ಸೀಮೆಯ ಬಿಸಿಲನ್ನು ನಾನು ವರ್ಣಿಸಬೇಕಾಗಿಲ್ಲ. ಪಕ್ಕದ ತಿರುಮಣಿಯ ಸುತ್ತಮುತ್ತ ಅದೇ ಬಿಸಿಲನ್ನು ನಂಬಿ 2,050 ಮೆಗಾವಾಟ್ ವಿದ್ಯುತ್ತಿನ ಸೌರ ಉದ್ಯಾನ ಎದ್ದಿದೆ. ಆ ಬಿಸಿಲಿಗೆ ಚಾವಣಿಯ ಒಳಬಟ್ಟೆ ಹರಿದು ಜೋತುಬಿತ್ತು. ಅಂಚಿನ ನೀರುಗಾಲುವೆಯಲ್ಲಿ ಧೂಳು ಕಟ್ಟಿ, ಅಪರೂಪದ ಮಳೆಯ ನೀರೂ ಅಲ್ಲೇ ಇಂಗಿ ತಗಡು ತುಕ್ಕು ಹಿಡಿಯಿತು. ಎಡಬದಿಯ ಮುಂದಿನ ಬಾಗಿಲಿನ ಗಾಜು ಕೆಳಗಿಳಿದದ್ದು ಮತ್ತೆ ಮೇಲೇಳಲಿಲ್ಲ.

ಗುಜರಿಗೆ ತೂಕದ ಲೆಕ್ಕದಲ್ಲಿ ಕೊಟ್ಟುಬಿಡೋಣವೆಂದು ಅಣ್ಣ ಹೇಳಿದ. ವೆಲ್ಡಿಂಗ್ ಕೆಲಸದವರೊಬ್ಬರು ಇನ್ನೊಂದು ಉಪಾಯ ಸೂಚಿಸಿದರು: ಚಾವಣಿಯನ್ನು ಕತ್ತರಿಸಿ ತೆಗೆದರೆ ಮದುವೆ ಮೆರವಣಿಗೆಗೆ ಒಳ್ಳೆಯ ತೆರೆದ ಕಾರಾಗುತ್ತದೆ, ಬಾಡಿಗೆಯೂ ಬರುತ್ತದೆ! ಎರಡಕ್ಕೂ ಒಪ್ಪದ ನಾನು, ಬೇಸಿಗೆ ರಜೆಯಲ್ಲಿ ನಾನೇ ಸರಿಮಾಡುತ್ತೇನೆಂದು ಅಣ್ಣನಿಂದ ಒಂದು ತಿಂಗಳ ಗಡುವು ಪಡೆದೆ. ಕಾಲೇಜಿನಲ್ಲಿ ಹಳಗನ್ನಡ ಬೋಧಿಸುವವನಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತೋ ತಿಳಿಯದು.

ಮೊದಲ ದಿನವೇ ಬಾಗಿಲಿನ ಒಳಹಲಗೆಯನ್ನು ಬಿಚ್ಚಿದೆ. ಗಾಜನ್ನು ಏರಿಸಿ ಇಳಿಸುವ ಸಾಧನಕ್ಕೆ ಮೆಕ್ಯಾನಿಕರು ರೆಗ್ಯುಲೇಟರ್ ಎನ್ನುತ್ತಾರೆ. ಹಲ್ಲುಗಳ ನಡುವೆ ಜಿಡ್ಡು ಒಣಗಿ ಅದು ಕಚ್ಚಿಕೊಂಡಿತ್ತು. ಬೋಲ್ಟುಗಳನ್ನು ತೆಗೆದು ಅಲುಗಾಡಿಸಿದೆನಷ್ಟೆ. ಉಕ್ಕಿನ ತೋಳು ಹೆಡೆಯೆತ್ತಿದಂತೆ ಎದ್ದು ಅಂಗೈಯನ್ನು ಸೀಳಿತು. ಅದೇ ಏಟಿಗೆ ಗಾಜು ಹರಳುಹರಳಾಗಿ ಉದುರಿತು. ಕೈಗೆ ಕವಚವಿಲ್ಲ, ಕಣ್ಣಿಗೆ ಕನ್ನಡಕವಿಲ್ಲ. ಅಂಗೈಗೆ ಬಿದ್ದದ್ದು ಮೂರು ಹೊಲಿಗೆ. ಕಣ್ಣು ಉಳಿದದ್ದು ನನ್ನ ಜಾಣತನದಿಂದಲ್ಲ.

ಮಾರನೆಯ ದಿನ ಅಣ್ಣ ಒಂದು ಮಾತೂ ಬೈಯದೆ ಪಾವಗಡಕ್ಕೆ ಹೋಗಿ, ತಂದೆಯವರ ಕಾಲದ ಮೇಸ್ತ್ರಿಯನ್ನು ಕರೆತಂದ. ಅವರಿಗೆ ಬಲಗಣ್ಣು ಇರಲಿಲ್ಲ. ನನ್ನ ಕೈಯ ಕಟ್ಟನ್ನು ನೋಡಿ ಅವರು, “ಈ ಕಣ್ಣು ಹೋದದ್ದೂ ಇಂಥದೇ ಒಂದು ಸ್ಪ್ರಿಂಗಿನಿಂದ ಮೇಷ್ಟ್ರೇ. ಅದರದೇನೂ ತಪ್ಪಿಲ್ಲ. ನಾವು ಕೊಟ್ಟದ್ದನ್ನು ಅದು ಹಿಂದಕ್ಕೆ ಕೊಡುತ್ತೆ. ಕೊಡುವಾಗ ನಾವು ಎದುರಿಗಿರಬಾರದು, ಅಷ್ಟೆ” ಎಂದರು.

ರಾಬರ್ಟ್ ಹುಕ್ ಎಂಬ ವಿಜ್ಞಾನಿ 1678ರಲ್ಲಿ ಪ್ರಕಟಿಸಿದ ನಿಯಮದ ತಿರುಳೂ ಇದೇ. ಸ್ಪ್ರಿಂಗನ್ನು ಎಷ್ಟು ಎಳೆದರೆ ಅದರ ಪ್ರತಿಬಲ ಅಷ್ಟು. ಆದರೆ ಎರಡರಷ್ಟು ಎಳೆದಾಗ ಒಳಗೆ ಕೂಡುವ ಶಕ್ತಿ ನಾಲ್ಕರಷ್ಟಾಗುತ್ತದೆ. ಅಪಾಯ ಅಡಗಿರುವುದು ಅಲ್ಲಿ. ಗಾಜಿನ ಭಾರವನ್ನು ಹಗುರಮಾಡಲೆಂದು ಇಟ್ಟಿರುವ ಸುರುಳಿಸ್ಪ್ರಿಂಗು ಗಾಜು ಇಳಿದಷ್ಟೂ ಬಿಗಿಯಾಗುತ್ತ ಹೋಗುತ್ತದೆ. ಗಾಜು ತಳದಲ್ಲಿದ್ದಾಗ, ಅಂದರೆ ಅದು ಅತ್ಯಂತ ಬಿಗಿಯಾಗಿದ್ದಾಗಲೇ, ನಾನು ಕೈಹಾಕಿದ್ದೆ. 1981ರಲ್ಲಿ ಉತ್ತರ ಐರ್ಲೆಂಡಿನಲ್ಲಿ ತಯಾರಾದ ಡೆಲೋರಿಯನ್ ಎಂಬ ಕಾರಿನ ಬಾಗಿಲುಗಳು ಹಕ್ಕಿಯ ರೆಕ್ಕೆಯಂತೆ ಮೇಲಕ್ಕೆ ತೆರೆಯುತ್ತಿದ್ದವು. ಅವುಗಳ ಭಾರ ಹೊರಲು ಚಾವಣಿಯೊಳಗೇ ತಿರುಚಿಟ್ಟ ಉಕ್ಕಿನ ಸರಳು ಇತ್ತು. ಅದು ನಮ್ಮ ಕಾರಿನ ಪುಟ್ಟ ಸುರುಳಿಗಿಂತ ಎಷ್ಟೋ ಪಾಲು ಬಲಿಷ್ಠ. ಅಂಥದನ್ನು ತಕ್ಕ ಉಪಕರಣವಿಲ್ಲದೆ ಮುಟ್ಟಲೇಬಾರದು.

ಉಳಿದ ಮೂರು ಬಾಗಿಲುಗಳನ್ನು ಮೇಸ್ತ್ರಿ ನನ್ನಿಂದಲೇ ಬಿಚ್ಚಿಸಿದರು. ಮೊದಲು ಕನ್ನಡಕ, ದಪ್ಪ ಕೈಚೀಲ. ಹಿಡಿಕೆಯ ಹಿಂದಿನ ಬಟ್ಟಲನ್ನು ಒಳಕ್ಕೆ ಒತ್ತಿದರೆ ಸಣ್ಣದೊಂದು ಪಿನ್ನು ಕಾಣುತ್ತದೆ. ಅದನ್ನು ತಳ್ಳಿದರೆ ಹಿಡಿಕೆ ಕೈಗೆ ಬರುತ್ತದೆ. ಅದರ ಹಿಂದೆಯೂ ಒಂದು ಸ್ಪ್ರಿಂಗಿರುವುದರಿಂದ ಬಟ್ಟಲನ್ನು ಥಟ್ಟನೆ ಬಿಡಬಾರದು. ಗಾಜನ್ನು ಪೂರ್ತಿ ಏರಿಸಿ, ಬಟ್ಟೆ ಸುತ್ತಿದ ಮರದ ಬೆಣೆ ಕೊಟ್ಟು, ಹಗ್ಗದಿಂದ ಕಟ್ಟಿಹಾಕಬೇಕು. ಆಗ ಸ್ಪ್ರಿಂಗು ಆದಷ್ಟು ಸಡಿಲವಾಗಿರುತ್ತದೆ, ಗಾಜೂ ಕೈಮೇಲೆ ಬೀಳುವುದಿಲ್ಲ. ಸಡಿಲವಾಗಿದೆಯೆಂದು ನಂಬುವಂತಿಲ್ಲ. ರೆಗ್ಯುಲೇಟರನ್ನು ಹೊರತೆಗೆಯುವ ಮೊದಲೇ ಅದರ ಹಲ್ಲಿನ ತಗಡನ್ನೂ ಹಿಂಬದಿಯ ತಗಡನ್ನೂ ಸೇರಿಸಿ ಒಂದು ಬೋಲ್ಟು ಬಿಗಿಯಬೇಕು. ಆಗ ತೋಳು ಅಲುಗದು. ಗಾಜು ಮೇಲೇಳದಿದ್ದರಂತೂ ಈ ಬೋಲ್ಟಿಲ್ಲದೆ ಮುಂದುವರಿಯಲೇಬಾರದು. ಸ್ಪ್ರಿಂಗನ್ನು ಬದಲಿಸುವುದಾದರೆ ವೈಸಿನಲ್ಲಿ ಭದ್ರಪಡಿಸಿ, ಮುಖವನ್ನು ಓರೆಮಾಡಿಕೊಂಡು, ಸುತ್ತನ್ನು ನಿಧಾನವಾಗಿ ಬಿಡಿಸಬೇಕು. ಬಿರುಕುಬಿಟ್ಟ ಸ್ಪ್ರಿಂಗನ್ನು ಬೆಂಕಿಗೆ ಹಿಡಿದು ನೆಟ್ಟಗೆ ಮಾಡುವವರಿದ್ದಾರೆ. ಕಾದ ಉಕ್ಕಿನ ಹದ ಕೆಡುತ್ತದೆ, ಅದು ಇನ್ನೊಂದು ದಿನ ಮುರಿಯುತ್ತದೆ. ಕೊನೆಗೆ ಬಾಗಿಲಿನ ತಳದ ನೀರುಕಿಂಡಿಗಳನ್ನು ಚೊಕ್ಕಟಗೊಳಿಸಿದೆವು. ಅವುಗಳಿಂದ ಹೊರಬಿದ್ದ ಮಣ್ಣು ಒಂದು ಬೊಗಸೆಯಷ್ಟಿತ್ತು.

ಚಾವಣಿಗೆ ಇನ್ನೂ ಹೆಚ್ಚಿನ ತಾಳ್ಮೆ ಬೇಕಾಯಿತು. ಒಳಬಟ್ಟೆಯನ್ನು ಹಿಡಿದಿರುವ ತೆಳುವಾದ ಉಕ್ಕಿನ ಕಂಬಿಗಳು ಬಿಲ್ಲಿನಂತೆ ಬಾಗಿ ಕುಳಿತಿರುತ್ತವೆ. ಒಂದು ತುದಿಯನ್ನು ಬಿಡಿಸುವಾಗ ಇನ್ನೊಂದನ್ನು ಸಂಗಡಿಗರು ಹಿಡಿದಿರಬೇಕು. ಒಂದೊಂದರ ಬಾಗು ಒಂದೊಂದು ಬಗೆಯಾದ್ದರಿಂದ ಮುಂದಿನಿಂದ ಹಿಂದಕ್ಕೆ ಸೀಮೆಸುಣ್ಣದಲ್ಲಿ ಸಂಖ್ಯೆ ಬರೆದೆವು. ಹಳೆಯ ಬಣ್ಣದಲ್ಲಿ ಸೀಸವಿರುವುದುಂಟು. ಆದ್ದರಿಂದ ಉಜ್ಜುವ ಕಾಗದವನ್ನು ನೀರಿನಲ್ಲಿ ನೆನೆಸಿ, ಮೂಗಿಗೆ ಧೂಳು ತಡೆಯುವ ಮುಸುಕು ಹಾಕಿಕೊಂಡು ಉಜ್ಜಿದೆವು. ವೆಲ್ಡಿಂಗಿಗೆ ಮುನ್ನ ಬ್ಯಾಟರಿ, ಸೀಟು, ಬಟ್ಟೆಗಳನ್ನೆಲ್ಲ ಹೊರಗಿಟ್ಟು, ಪೆಟ್ರೋಲು ಟ್ಯಾಂಕನ್ನು ಕಳಚಿ ದೂರ ಸಾಗಿಸಿ, ಒಂದು ಬಕೆಟ್ ಮರಳು ಹತ್ತಿರವಿಟ್ಟುಕೊಂಡೆವು. ತುಕ್ಕು ತಿಂದಷ್ಟು ಅಂಚನ್ನು ಮಾತ್ರ ತೆಗೆದು ಹೊಸ ತಗಡು ಕೂಡಿಸಲಾಯಿತು.

ಚಾವಣಿಯನ್ನು ಕತ್ತರಿಸುವ ಮಾತು ಮತ್ತೆ ಬಂದಾಗ ಮೇಸ್ತ್ರಿ ನಾಲ್ಕೂ ಬಾಗಿಲುಗಳನ್ನು ಹಾಕಿ ತೆಗೆದು ತೋರಿಸಿದರು. ಈ ಕಾರಿಗೆ ಲಾರಿಗಿರುವಂತೆ ಬೇರೆ ಚೌಕಟ್ಟಿಲ್ಲ. ಮೈಯೇ ಅದರ ಎಲುಬು, ಚಾವಣಿಯೂ ಭಾರ ಹೊರುತ್ತದೆ. ಅದನ್ನು ತೆಗೆದರೆ ಗಾಡಿ ನಡುವೆ ಕುಸಿದು ಬಾಗಿಲುಗಳು ಕೂಡವು. ಕಾನೂನಿನ ಮಾತೂ ಇತ್ತು. ಐವತ್ತು ವರ್ಷ ದಾಟಿದ ಖಾಸಗಿ ವಾಹನಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿ ಕೊಡುವ ನಿಯಮ 2021ರಲ್ಲಿ ಬಂದಿದೆ. ಮೂಲ ಮೈಕಟ್ಟನ್ನು ಬದಲಿಸಿದ ವಾಹನಕ್ಕೆ ಅದು ಸಲ್ಲದು. ವಿಂಟೇಜ್ ವಾಹನವನ್ನು ಬಾಡಿಗೆಗೆ ಓಡಿಸುವಂತೆಯೂ ಇಲ್ಲ. ಅಣ್ಣನ ಮೆರವಣಿಗೆಯ ಲೆಕ್ಕ ಅಲ್ಲಿಗೆ ಮುಗಿಯಿತು.

ಗಡುವು ತೀರುವ ಹಿಂದಿನ ಸಂಜೆ ಒಡೆದ ಗಾಜಿನ ಜಾಗಕ್ಕೆ ಬೇರೆ ಗಾಜು ಕೂಡಿಸಿದೆವು. ಅಣ್ಣ ತಂದೆಯವರ ಸೀಟಿನ ಪಕ್ಕದಲ್ಲಿ, ಚಿಕ್ಕಂದಿನಲ್ಲಿ ತಾನು ಕೂರುತ್ತಿದ್ದ ಜಾಗದಲ್ಲಿ, ಕುಳಿತು ಹಿಡಿಕೆಯನ್ನು ತಿರುಗಿಸಿದ. ಗಾಜು ಸದ್ದಿಲ್ಲದೆ ಮೇಲೆ ಬಂತು. ಮತ್ತೆ ಇಳಿಸಿದ, ಮತ್ತೆ ಏರಿಸಿದ. ಮೇಸ್ತ್ರಿ ಉಪಕರಣಗಳನ್ನು ಚೀಲಕ್ಕೆ ತುಂಬುತ್ತ ಒಂಟಿಕಣ್ಣಿನಿಂದ ನನ್ನ ಕಡೆ ನೋಡಿ ನಕ್ಕರು. ಗುಜರಿಯ ಮಾತನ್ನು ಅಣ್ಣ ಆಮೇಲೆ ಎತ್ತಿಲ್ಲ.